ಜೇಕು ಹತ್ತಿದ ಮಣ್ಣಿನಿಂದ ಗಡ್ಡೆ ಖಾಲಿ ಮಾಡುವುದು ಹೇಗೆ?

ಈರುಳ್ಳಿ ಮಡಿಯಲ್ಲಿ ಇವತ್ತು ಕಳೆ ತೆಗೆಸುತ್ತೀರಿ. ವಾರ ಕಳೆಯುವುದರೊಳಗೆ ಅದೇ ಜಾಗದಲ್ಲಿ ಜೇಕು ಮತ್ತೆ ತಲೆ ಎತ್ತಿರುತ್ತದೆ. ಕೂಲಿ ಕೊಟ್ಟಿದ್ದು ಹೋಯಿತು, ಕಳೆ ಹಾಗೇ ಉಳಿಯಿತು. ಹಾಗಂತ ಆಳುಗಳು ಸರಿಯಾಗಿ ಕೆಲಸ ಮಾಡಿಲ್ಲ ಎಂದು ಬೈಯಬೇಡಿ. ಅವರು ಕಿತ್ತದ್ದು ಎಲೆ. ಗಿಡ ಇರುವುದು ಕೆಳಗೆ.

ಕೆಲವು ಕಡೆ ಇದನ್ನು ಕೊನ್ನಾರಿ ಅನ್ನುತ್ತಾರೆ, ಕೆಲವು ಕಡೆ ತುಂಗೆ ಹುಲ್ಲು. ಗ್ರಂಧಿಗೆ ಅಂಗಡಿಯಲ್ಲಿ ಇದರ ಗಡ್ಡೆ ಭದ್ರಮುಷ್ಟಿ ಅಂತ ಸಿಗುತ್ತದೆ. ಸಸ್ಯಶಾಸ್ತ್ರದ ಹೆಸರು ಸೈಪರಸ್ ರೋಟಂಡಸ್. ಕಳೆ ವಿಜ್ಞಾನಿ ಲೆರಾಯ್ ಹಾಮ್ ಮತ್ತು ಸಂಗಡಿಗರು 1977ರಲ್ಲಿ ಜಗತ್ತಿನ ಅತಿ ಕೆಟ್ಟ ಕಳೆಗಳನ್ನು ಪಟ್ಟಿ ಮಾಡಿದಾಗ ಮೊದಲ ಸ್ಥಾನ ಸಿಕ್ಕಿದ್ದು ಇದಕ್ಕೇ. ಇಷ್ಟು ಹಠದ ಗಿಡವನ್ನು ಒಂದೇ ಹಂಗಾಮಿನಲ್ಲಿ ಮುಗಿಸುತ್ತೇನೆ ಎಂದು ಹೊರಡಬೇಡಿ. ಎರಡು ಮೂರು ವರ್ಷದ ಕೆಲಸ ಅಂತ ಮನಸ್ಸಿನಲ್ಲಿ ಇಟ್ಟುಕೊಂಡರೆ ಮಾತ್ರ ಇದು ಆಗುವ ಕೆಲಸ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಜೇಕಿನ ವಿಷಯದಲ್ಲಿ ಏನೇ ಮಾಡುವ ಮುಂಚೆ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಇದರಿಂದ ಮಣ್ಣಿನೊಳಗಿನ ಗಡ್ಡೆ ಕಡಿಮೆ ಆಗುತ್ತದೋ, ಜಾಸ್ತಿ ಆಗುತ್ತದೋ? ಉಳುಮೆ ಇರಲಿ, ಔಷಧಿ ಇರಲಿ, ಹೊದಿಕೆ ಇರಲಿ, ಎಲ್ಲವನ್ನೂ ಈ ಲೆಕ್ಕದಲ್ಲೇ ನೋಡಿ.

ಮೊದಲು ಗುರುತು ಖಚಿತ ಮಾಡಿಕೊಳ್ಳಿ

ಜೇಕು ನೋಡಲು ಹುಲ್ಲಿನ ಹಾಗೇ ಇದ್ದರೂ ಹುಲ್ಲಲ್ಲ. ಇದರ ಕುಟುಂಬವೇ ಬೇರೆ, ಸೈಪರೇಸಿ. ಸುಮಾರು 5,500 ಜಾತಿಗಳಿರುವ ದೊಡ್ಡ ಬಳಗ ಅದು. ಹಿಂದೆ ಈಜಿಪ್ಟಿನವರು ಬರೆಯುವ ಹಾಳೆ ಮಾಡುತ್ತಿದ್ದ ಪಪೈರಸ್ ಕೂಡ ಇದೇ ಬಳಗದ್ದು.

ಹೂವಿನ ಕಡ್ಡಿ ಇದ್ದರೆ ಅದನ್ನು ಎರಡು ಬೆರಳ ನಡುವೆ ಇಟ್ಟು ಉರುಳಿಸಿ. ಹುಲ್ಲಿನ ಕಡ್ಡಿ ದುಂಡಗಿರುತ್ತದೆ, ಸಲೀಸಾಗಿ ಉರುಳುತ್ತದೆ. ಜೇಕಿನ ಕಡ್ಡಿಗೆ ಮೂರು ಅಂಚು ಇರುತ್ತವೆ, ಬೆರಳಿಗೆ ತಡೆಯುತ್ತದೆ. ಮುರಿದು ನೋಡಿದರೆ ಒಳಗೆ ಟೊಳ್ಳಿಲ್ಲ, ನಡುವೆ ಗಿಣ್ಣೂ ಇಲ್ಲ. ಎಲೆಗಳು ಮೂರು ದಿಕ್ಕಿಗೆ ಹೊರಡುತ್ತವೆ, ಹುಲ್ಲಿನಲ್ಲಿ ಎರಡೇ ದಿಕ್ಕು. ಗರಿಕೆಯಾದರೆ ನೆಲದ ಮೇಲೆ ಬಳ್ಳಿ ಬಿಟ್ಟು ಹರಡುತ್ತದೆ, ಜೇಕು ಮೇಲೆ ಬಳ್ಳಿ ಬಿಡುವುದಿಲ್ಲ.

ಈ ಗುರುತು ಸುಮ್ನೆ ತಿಳಿವಳಿಕೆಗಲ್ಲ, ದುಡ್ಡಿನ ಲೆಕ್ಕ ಇದೆ. ಹುಲ್ಲು ಜಾತಿಯ ಕಳೆ ಸಾಯಿಸುವ ಕ್ವಿಜಾಲೋಫಾಪ್‌ನಂಥ ಔಷಧಿ ತಂದು ಜೇಕಿನ ಮೇಲೆ ಹೊಡೆಯುವವರು ಬಹಳ ಜನ. ಜೇಕು ಹುಲ್ಲೇ ಅಲ್ಲವಾದ್ದರಿಂದ ಅದಕ್ಕೆ ಏನೂ ಆಗುವುದಿಲ್ಲ. ಬಿತ್ತಿದ ಕೂಡಲೇ ಹೊಡೆಯುವ ಪೆಂಡಿಮೆಥಾಲಿನ್ ಕೂಡ ಗಡ್ಡೆಯಿಂದ ಬರುವ ಜೇಕನ್ನು ತಡೆಯುವುದಿಲ್ಲ. ಪಕ್ಕದ ಹುಲ್ಲು, ಅಗಲ ಎಲೆಯ ಕಳೆ ಎಲ್ಲ ಸತ್ತು ಜೇಕಿಗೆ ಇನ್ನಷ್ಟು ಜಾಗ ಸಿಗುತ್ತದೆ.

ಒಂದು ಗಿಡ ಅಗೆದು ಸರ ನೋಡಿ

ಈ ಹೆಜ್ಜೆ ಬಿಡಬೇಡಿ. ಜೇಕು ದಟ್ಟವಾಗಿರುವ ಕಡೆ, ಮಣ್ಣು ಹದವಾಗಿರುವಾಗ, ಗುದ್ದಲಿಯಿಂದ ಒಂದಡಿ ಆಳದ ಹೆಂಟೆ ಎತ್ತಿ. ಬಕೆಟ್ ನೀರಲ್ಲಿ ನೆನೆಹಾಕಿ ಮಣ್ಣು ತೊಳೆಯಿರಿ. ಉಳಿಯುವುದನ್ನು ಬಿಳಿ ಬಟ್ಟೆಯ ಮೇಲೆ ಹರಡಿ ನೋಡಿ.

ಎಲೆಗಳ ಬುಡದಲ್ಲಿ ಸಣ್ಣ ಉಬ್ಬು ಕಾಣುತ್ತದೆ. ಅಲ್ಲಿಂದ ಬಿಳಿ ದಾರದಂಥ ಬೇರುಕಾಂಡಗಳು ಅಡ್ಡಕ್ಕೆ ಹೊರಟಿರುತ್ತವೆ. ಕೆಲವು ದಾರದ ತುದಿ ಮೇಲಕ್ಕೆ ತಿರುಗಿ ಹೊಸ ಗಿಡವಾಗಿರುತ್ತದೆ. ಕೆಲವು ತುದಿ ಊದಿ ಗಡ್ಡೆಯಾಗಿರುತ್ತದೆ. ಆ ಗಡ್ಡೆಯಿಂದ ಮತ್ತೆ ದಾರ, ಮತ್ತೆ ಗಡ್ಡೆ. ಹೀಗೆ ಸರದಂತೆ ಹೋಗುತ್ತಲೇ ಇರುತ್ತದೆ. ಎಳೆ ಗಡ್ಡೆ ಬೆಳ್ಳಗೆ, ಬಲಿತದ್ದು ಕಂದು ಅಥವಾ ಕಪ್ಪು. ಹಳೆಯ ದಾರ ಒಣಗಿ ತಂತಿಯ ಹಾಗೆ ಗಟ್ಟಿಯಾಗಿರುತ್ತದೆ. ಕೈಯಿಂದ ಎಳೆದಾಗ ಪಟ್ ಅಂತ ತುಂಡಾಗುವುದು ಇದೇ ದಾರ. ಎಲೆ ನಿಮ್ಮ ಕೈಗೆ ಬರುತ್ತದೆ, ಗಡ್ಡೆ ಮಣ್ಣಲ್ಲೇ ಉಳಿಯುತ್ತದೆ.

ಹೆಚ್ಚಿನ ಗಡ್ಡೆಗಳು ಮೇಲಿನ ಅರ್ಧ ಅಡಿಯಲ್ಲಿ ಇರುತ್ತವೆ. ಸ್ವಲ್ಪ ಭಾಗ ಒಂದಡಿಯವರೆಗೂ ಇಳಿದಿರುತ್ತದೆ, ಅಷ್ಟು ಆಳದಿಂದಲೂ ಮೊಳಕೆ ಮೇಲೆ ಬರಬಲ್ಲದು. ಬೀಜದಿಂದ ಇದು ಹರಡುವುದು ತೀರಾ ಕಡಿಮೆ. ಹೂವು ಬಿಟ್ಟರೂ ಮೊಳೆಯುವಂಥ ಬೀಜ ಅಪರೂಪ. ಹಾಗಾಗಿ ಜೇಕು ಎಂದರೆ ಗಡ್ಡೆ, ಅಷ್ಟೇ.

ಈಗ ಇಡೀ ಕೆಲಸಕ್ಕೆ ಆಧಾರವಾದ ಸಂಗತಿ. ಸರ ತುಂಡಾಗದೆ ಇರುವಾಗ ತುದಿಯ ಗಡ್ಡೆ ಮಾತ್ರ ಮೊಳೆಯುತ್ತದೆ, ಹಿಂದಿನವು ಸುಮ್ಮನೆ ಮಲಗಿರುತ್ತವೆ. ತುದಿಯ ಗಡ್ಡೆಯೇ ಅವನ್ನು ತಡೆದಿರುತ್ತದೆ. ಸರ ಕಡಿದರೆ ಆ ತಡೆ ಹೋಗುತ್ತದೆ, ಮಲಗಿದ್ದ ಒಂದೊಂದು ಗಡ್ಡೆಯೂ ಎದ್ದು ಗಿಡವಾಗುತ್ತದೆ. ಒಂದು ಗಡ್ಡೆಯೊಳಗೂ ಇದೇ ಕಥೆ. ಆಲೂಗಡ್ಡೆಯ ಹಾಗೆ ಇದಕ್ಕೂ ಹಲವು ಕಣ್ಣುಗಳಿವೆ. ಮೊದಲ ಕಣ್ಣಿನ ಮೊಳಕೆ ಕತ್ತರಿಸಿದರೆ ಎರಡನೆಯ ಕಣ್ಣು ಹೊರಡುತ್ತದೆ.

ಉಳುಮೆ ಮಾಡಿದ ಮೇಲೆ ಜೇಕು ಹತ್ತು ಪಟ್ಟು ಆಯಿತು ಅಂತ ರೈತರು ಹೇಳುವುದು ಇದಕ್ಕೇ. ಅವರು ಹೇಳುವುದು ನಿಜ. ಆದರೆ ಆ ಸಂಗತಿಯನ್ನೇ ನಮ್ಮ ಕಡೆಗೆ ತಿರುಗಿಸಿಕೊಳ್ಳಬಹುದು. ಮಲಗಿದ ಗಡ್ಡೆಯನ್ನು ದಣಿಸಲಾಗುವುದಿಲ್ಲ. ಎದ್ದ ಗಡ್ಡೆಯನ್ನು ದಣಿಸಿ ಸಾಯಿಸಬಹುದು.

ಹೊಸ ಗಡ್ಡೆ ಬರುವ ದಾರಿ ಮುಚ್ಚಿ

ಬೀಜದಿಂದ ಹೆಚ್ಚು ಹರಡದ ಗಿಡ ಊರೂರಿಗೆ ಹೇಗೆ ಹೋಗುತ್ತದೆ? ನಾವೇ ಹೊತ್ತೊಯ್ಯುತ್ತೇವೆ. ಬಾಡಿಗೆ ಟ್ರ್ಯಾಕ್ಟರಿನ ಕಲ್ಟಿವೇಟರ್ ಹಲ್ಲಿಗೆ ಮೆತ್ತಿದ ಮಣ್ಣಲ್ಲಿ ಬರುತ್ತದೆ. ಕಿತ್ತ ಜೇಕನ್ನು ತಿಪ್ಪೆಗೆ ಎಸೆದು, ಆಮೇಲೆ ಅದೇ ಗೊಬ್ಬರ ಹೊಲಕ್ಕೆ ಹೊಡೆದಾಗ ಬರುತ್ತದೆ. ಕೆರೆ ಗೋಡಿನಲ್ಲಿ ಬರುತ್ತದೆ. ನರ್ಸರಿ ಸಸಿಯ ಪ್ಯಾಕೆಟ್ಟಿನಲ್ಲಿ ಬರುತ್ತದೆ. ಬೆಂಗಳೂರಿನಂಥ ಊರಲ್ಲಿ ಲಾನ್ ಹಾಕಿಸಲು ತರಿಸುವ ಕೆಮ್ಮಣ್ಣಿನ ಲೋಡಿನಲ್ಲಿ ಬರುವುದೇ ಜಾಸ್ತಿ.

ಟ್ರ್ಯಾಕ್ಟರ್ ನಿಮ್ಮ ಹೊಲಕ್ಕೆ ಇಳಿಯುವ ಮುಂಚೆ ಹಲ್ಲು ಕೆರೆದು ಮಣ್ಣು ತೆಗೆಸಿ. ಜೇಕಿರುವ ತಾಕನ್ನು ಕೊನೆಗೆ ಉಳಿಸಿ, ಸ್ವಚ್ಛ ತಾಕನ್ನು ಮೊದಲು ಉಳುಮೆ ಮಾಡಿಸಿ. ಹೊರಗಿನ ಮಣ್ಣು ತರಿಸಿದರೆ ಒಂದು ಬುಟ್ಟಿಯನ್ನು ಕಾಲು ಇಂಚಿನ ಜರಡಿಯಲ್ಲಿ ಹಾಕಿ ನೋಡಿ. ಕಪ್ಪು ಗಡ್ಡೆ ಒಂದೆರಡು ಸಿಕ್ಕರೂ ಲೋಡ್ ವಾಪಸ್ ಕಳಿಸುವುದೇ ಒಳ್ಳೆಯದು. ಸಸಿಯ ಪ್ಯಾಕೆಟ್ಟಿನಲ್ಲಿ ಜೇಕಿನ ಎಲೆ ಕಂಡರೆ ಆ ಸಸಿ ಬೇಡ.

ಬೇಸಿಗೆಯ ಕೆಲಸ: ಬಿಸಿಲಿಗೆ ಎತ್ತಿ ಹಾಕುವುದು

ವರ್ಷದಲ್ಲಿ ಜೇಕಿನ ಮೇಲೆ ನಮ್ಮ ಕೈ ಮೇಲಾಗುವ ಕಾಲ ಒಂದೇ, ಮಾರ್ಚ್‌ನಿಂದ ಮೇ ನಡುವಿನ ಒಣ ಬೇಸಿಗೆ. ಗಡ್ಡೆಗೆ ದೊಡ್ಡ ಶತ್ರು ಒಣಗುವಿಕೆ. ಮಣ್ಣೊಳಗೆ ಹಲವು ವರ್ಷ ಜೀವ ಹಿಡಿಯುವ ಗಡ್ಡೆ, ಮೇಲೆ ಬಂದು ನಮ್ಮ ಏಪ್ರಿಲ್ ಬಿಸಿಲಿಗೆ ಬಿದ್ದರೆ ಒಂದೆರಡು ವಾರದಲ್ಲಿ ಒಣಗಿ ಸಾಯುತ್ತದೆ.

ಹಿಂಗಾರು ಬೆಳೆ ಕೊಯ್ದ ಮೇಲೆ ನೀರು ನಿಲ್ಲಿಸಿ. ಮಣ್ಣು ಹೆಂಟೆ ಏಳುವಷ್ಟು ಒಣಗಲಿ. ಎಂ.ಬಿ. ನೇಗಿಲಿನಿಂದ (ಮಣ್ಣು ಮಗುಚುವ ಮೋಲ್ಡ್ ಬೋರ್ಡ್ ನೇಗಿಲು) 20ರಿಂದ 25 ಸೆಂಟಿಮೀಟರ್ ಆಳಕ್ಕೆ ಮಗುಚಿ ಹಾಕಿಸಿ. ಹೆಂಟೆ ಒಡೆಯಬೇಡಿ, ಹಾಗೇ ಬಿಡಿ. ಹೆಂಟೆಯ ಸಂದಿಯಲ್ಲಿ ಗಾಳಿ ಆಡಿ ಒಳಗಿನ ಗಡ್ಡೆಯೂ ಒಣಗುತ್ತದೆ. ಎರಡು ವಾರ ಬಿಟ್ಟು ಕಲ್ಟಿವೇಟರ್ ಅಡ್ಡಕ್ಕೆ ಹೊಡೆಸಿ. ಆಗ ಕೆಳಗಿದ್ದದ್ದು ಮೇಲೆ ಬರುತ್ತದೆ. ಮತ್ತೆ ಒಣಗಲು ಬಿಡಿ. ಸಣ್ಣ ತಾಕಾದರೆ ಮೇಲೆ ಬಂದ ಸರಗಳನ್ನು ಆಯ್ದುಬಿಡಿ, ಬೇಸರದ ಕೆಲಸವಾದರೂ ಇದರಷ್ಟು ಲಾಭ ಕೊಡುವುದು ಬೇರೆ ಇಲ್ಲ.

ರೋಟವೇಟರ್ ಬಗ್ಗೆ ಬಿಡಿಸಿ ಹೇಳಬೇಕು. ಹದ ಮಣ್ಣಿಗೆ ರೋಟವೇಟರ್ ಹೊಡೆದು ಮಾರನೇ ದಿನ ಬಿತ್ತಿದರೆ, ನಿಮ್ಮ ಕೈಯಾರೆ ಜೇಕು ನೆಟ್ಟಂತೆ. ಸರಗಳೆಲ್ಲ ತುಂಡಾಗಿ, ಹೊಲದ ಉದ್ದಗಲಕ್ಕೆ ಹರಡಿ, ಬೆಳೆಯ ಜೊತೆಯಲ್ಲೇ ಮೇಲೆ ಬರುತ್ತವೆ. ಇಂದು ಅರ್ಧ ಗುಂಟೆಯಲ್ಲಿದ್ದ ಜೇಕು ಎರಡು ವರ್ಷದಲ್ಲಿ ಇಡೀ ಎಕರೆ ಹತ್ತುವುದು ಹೀಗೇ. ಬಿತ್ತನೆಗೆ ಮುಂಚೆ ಒಂದೂವರೆ ತಿಂಗಳು ಸಮಯ ಇದ್ದು, ಎದ್ದು ಬಂದ ಜೇಕನ್ನು ಎರಡು ಮೂರು ಸಲ ಹೊಡೆಯುವ ತಯಾರಿ ಇದ್ದರೆ ಮಾತ್ರ ಅದೇ ಯಂತ್ರದಿಂದ ಉಪಯೋಗ.

ಮುಂಗಾರಿಗೆ ಮುಂಚೆ ಎಬ್ಬಿಸಿ ಹೊಡೆಯಿರಿ

ಭರಣಿ, ಕೃತ್ತಿಕೆ ಮಳೆ ಬಿದ್ದ ಕೂಡಲೇ ಉಳಿದ ಗಡ್ಡೆಗಳು ಒಟ್ಟಿಗೆ ಮೊಳೆಯುತ್ತವೆ. ಹೊಲ ಹಸಿರಾಗಿದ್ದು ಕಂಡು ಗಾಬರಿ ಬೇಡ. ನೀವು ಕಾಯುತ್ತಿದ್ದದ್ದೇ ಇದು. ನೀರಾವರಿ ಇದ್ದವರು ಮಳೆಗೆ ಕಾಯದೆ ಒಂದು ನೀರು ಹಾಯಿಸಿ ಎಬ್ಬಿಸಬಹುದು.

ಎಲೆ ಹೊರಗೆ ಬಂದು ಎರಡು ಮೂರು ವಾರದೊಳಗೆ ಕುಂಟೆ ಹೊಡೆಯಿರಿ. ಈ ಅವಧಿ ಮುಖ್ಯ. ಮೊಳೆತ ಮೊದಲ ದಿನಗಳಲ್ಲಿ ಗಿಡ ಗಡ್ಡೆಯಲ್ಲಿದ್ದ ಕೂಡಿಟ್ಟ ಆಹಾರ ತಿಂದು ಬೆಳೆಯುತ್ತದೆ. ಮೂರು ನಾಲ್ಕು ವಾರ ದಾಟಿದರೆ ಎಲೆಗಳು ದುಡಿದು ಕೆಳಗೆ ಹೊಸ ಗಡ್ಡೆ ಕಟ್ಟಲು ಶುರು. ಅಂದರೆ ಅಷ್ಟರೊಳಗೆ ಕತ್ತರಿಸಿದರೆ ಗಡ್ಡೆ ಖರ್ಚು ಮಾಡಿದ್ದು ನಷ್ಟ, ತಡ ಮಾಡಿದರೆ ಅದಕ್ಕೆ ಲಾಭ. ಕೆಂಪು ಕಂದು ಹೂ ತೆನೆ ಕಾಣಿಸಿತೆಂದರೆ ಕೆಳಗೆ ಹೊಸ ಗಡ್ಡೆ ಆಗಲೇ ಆಗಿವೆ ಎಂದೇ ತಿಳಿಯಿರಿ.

ಒಂದು ಸಲ ಕುಂಟೆ ಹೊಡೆದು ಬಿಟ್ಟರೆ ಪ್ರಯೋಜನವಿಲ್ಲ. ಎರಡನೆಯ ಕಣ್ಣು ಹೊರಡುತ್ತದೆ, ಅದನ್ನೂ ಎರಡು ವಾರಕ್ಕೆ ಹೊಡೆಯಬೇಕು. ಪ್ರತಿ ಸಲವೂ ಮೊಳಕೆ ಸಣ್ಣದಾಗಿ, ತೆಳ್ಳಗೆ ಬರುವುದು ಕಾಣುತ್ತದೆ. ಗಡ್ಡೆ ಬರಿದಾಗುತ್ತಿದೆ ಅನ್ನುವುದಕ್ಕೆ ಅದೇ ಗುರುತು. ಇದಕ್ಕಾಗಿ ಬಿತ್ತನೆ ಎರಡು ಮೂರು ವಾರ ಹಿಂದೆ ಹೋದರೂ ಜೇಕು ತುಂಬಿದ ತಾಕಿನಲ್ಲಿ ಅದು ಒಪ್ಪಬಹುದಾದ ನಷ್ಟ ಅನ್ನುವುದು ನನ್ನ ಅಭಿಪ್ರಾಯ.

ಸಸಿ ಮಡಿ, ಕೈತೋಟಕ್ಕೆ ಪ್ಲಾಸ್ಟಿಕ್ ಹೊದಿಕೆ

ಸಣ್ಣ ಜಾಗಕ್ಕೆ ಬಿಸಿಲಿನ ಬೇಯಿಸುವಿಕೆ ಚೆನ್ನಾಗಿ ಒಗ್ಗುತ್ತದೆ. ಏಪ್ರಿಲ್ ತಿಂಗಳಲ್ಲಿ ಮಡಿ ಸಮ ಮಾಡಿ, ಕಡ್ಡಿ ಕಲ್ಲು ತೆಗೆದು, ಚೆನ್ನಾಗಿ ನೀರು ಹಾಯಿಸಿ. ಒಣ ಮಣ್ಣು ಆಳಕ್ಕೆ ಕಾಯುವುದಿಲ್ಲ, ಅದಕ್ಕೇ ನೀರು. ಆಮೇಲೆ 25ರಿಂದ 50 ಮೈಕ್ರಾನ್ ದಪ್ಪದ ಪಾರದರ್ಶಕ ಪಾಲಿಥೀನ್ ಹಾಳೆಯನ್ನು ಮಣ್ಣಿಗೆ ಅಂಟುವಂತೆ ಎಳೆದು ಹೊದಿಸಿ. ನಾಲ್ಕೂ ಅಂಚು ಮಣ್ಣಲ್ಲಿ ಹೂತುಬಿಡಿ, ಬಿಸಿ ಗಾಳಿ ಹೊರಗೆ ಹೋಗಬಾರದು. ನಾಲ್ಕರಿಂದ ಆರು ವಾರ ಹಾಗೇ ಇರಲಿ. ತೂತು ಬಿದ್ದರೆ ಟೇಪ್ ಹಚ್ಚಿ. ಮೇಲಿನ ಗಡ್ಡೆ ಸಾಯುತ್ತವೆ, ಆಳದ್ದು ಸ್ವಲ್ಪ ಉಳಿಯುತ್ತವೆ. ಅದಕ್ಕೆ ಹೊದಿಕೆ ತೆಗೆದ ಮೇಲೆ ಮಣ್ಣನ್ನು ಆಳಕ್ಕೆ ಅಗೆದು ಮೇಲೆ ಕೆಳಗೆ ಮಾಡಬೇಡಿ.

ಪಾರದರ್ಶಕ ಹಾಳೆಯೇ ಯಾಕೆ? ಜೇಕಿನ ಮೊಳಕೆ ತುದಿ ಬಹಳ ಚೂಪು. ಬೆಳಕು ಕಾಣುವವರೆಗೆ ಅದು ಎಲೆ ಬಿಚ್ಚದೆ ಮುಂದೆ ನುಗ್ಗುತ್ತದೆ. ತರಕಾರಿ ಬೆಳೆಗೆ ಹಾಕುವ ಕಪ್ಪು ಮಲ್ಚಿಂಗ್ ಶೀಟಿನ ಕೆಳಗೆ ಕತ್ತಲಿರುವುದರಿಂದ ಶೀಟನ್ನೇ ತೂತು ಮಾಡಿ ಮೇಲೆ ಬರುತ್ತದೆ. ಟೊಮೆಟೊ, ಮೆಣಸಿನಕಾಯಿ ಬೆಳೆಯುವವರು ಇದನ್ನು ಕಂಡೇ ಇರುತ್ತೀರಿ, ಅಲ್ವಾ? ಪಾರದರ್ಶಕ ಹಾಳೆಯ ಕೆಳಗೆ ಬೆಳಕು ಸಿಕ್ಕಿ ಎಲೆ ಅಲ್ಲೇ ಬಿಚ್ಚಿಕೊಳ್ಳುತ್ತದೆ, ಚೂಪು ಹೋಗುತ್ತದೆ, ಶಾಖಕ್ಕೆ ಬೇಯುತ್ತದೆ. ಹಾಗಾಗಿ ಜೇಕಿರುವ ಹೊಲಕ್ಕೆ ಮಲ್ಚಿಂಗ್ ಶೀಟಿಗೆ ದುಡ್ಡು ಹಾಕುವ ಮುಂಚೆ ಹಿಂದಿನ ಎರಡು ಹೆಜ್ಜೆ ಮುಗಿಸಿಕೊಳ್ಳಿ.

ನೆರಳು ಕೊಡುವ ಬೆಳೆ ಹಾಕಿ

ಜೇಕು ಬಿಸಿಲಿನ ಗಿಡ. ಮೆಕ್ಕೆಜೋಳ, ಕಬ್ಬಿನ ಹಾಗೆ ಇದೂ ಸುಡು ಬಿಸಿಲಲ್ಲೇ ಚೆನ್ನಾಗಿ ದುಡಿಯುತ್ತದೆ. ನೆರಳಿಗೆ ಬಂದರೆ ಮಂಕಾಗಿ ಗಡ್ಡೆ ಕಟ್ಟುವುದು ಕಡಿಮೆ ಮಾಡುತ್ತದೆ. ಅಡಿಕೆ, ತೆಂಗಿನ ತೋಟದಲ್ಲಿ ನೆರಳು ದಟ್ಟವಾದ ಕಡೆ ಜೇಕು ತೆಳ್ಳಗಿದ್ದು, ಬಿಸಿಲು ಬೀಳುವ ಕಾಲುವೆ ಪಕ್ಕ ದಟ್ಟವಾಗಿರುವುದನ್ನು ನೋಡಿ.

ಬೇಸಿಗೆ ಕೆಲಸ ಮುಗಿಸಿದ ತಾಕಿಗೆ ಮೊದಲ ಬೆಳೆಯಾಗಿ ಬೇಗ ನೆಲ ಮುಚ್ಚುವುದನ್ನು ಆರಿಸಿ. ಅಲಸಂದೆ, ಸೆಣಬು, ಡಯಂಚ, ಹುರುಳಿ, ಗೆಣಸು ಆಗುತ್ತವೆ. ಬೀಜ ಸ್ವಲ್ಪ ಜಾಸ್ತಿ ಹಾಕಿ ಒತ್ತಾಗಿ ಬಿತ್ತಿ. ಈರುಳ್ಳಿ, ಬೆಳ್ಳುಳ್ಳಿ, ಕ್ಯಾರೆಟ್ ಆ ವರ್ಷ ಬೇಡ. ಇವು ನಿಧಾನಕ್ಕೆ ಬೆಳೆಯುತ್ತವೆ, ಎಲೆ ನೆರಳು ಕೊಡುವುದಿಲ್ಲ, ಎಡೆಕುಂಟೆ ಹೊಡೆಯಲೂ ಜಾಗ ಇರುವುದಿಲ್ಲ.

ಔಷಧಿ ಹೊಡೆಯುವುದಾದರೆ

ನನ್ನ ಒಲವು ಮೊದಲ ಹೆಜ್ಜೆಗಳ ಕಡೆಗೇ. ಆದರೂ ದೊಡ್ಡ ಹೊಲ, ಆಳು ಸಿಗದ ಪರಿಸ್ಥಿತಿ ಎಲ್ಲರಿಗೂ ಗೊತ್ತು. ಗಡ್ಡೆಯವರೆಗೆ ಇಳಿಯುವ ಔಷಧಿ ಕೆಲವೇ ಇವೆ. ಕಬ್ಬಿನಲ್ಲಿ ಜೇಕಿಗೆಂದೇ ಬಳಸುವುದು ಹಾಲೋಸಲ್ಫ್ಯೂರಾನ್ ಮೀಥೈಲ್. ಜೇಕಿಗೆ ಮೂರರಿಂದ ಐದು ಎಲೆ ಇದ್ದಾಗ, ಮಣ್ಣಲ್ಲಿ ಹದ ಇದ್ದಾಗ ಹೊಡೆಯಬೇಕು. ನಿಧಾನಕ್ಕೆ ಹಳದಿಯಾಗಿ ಸಾಯುತ್ತದೆ, ಮೂರೇ ದಿನಕ್ಕೆ ಫಲ ಕಾಣಲಿಲ್ಲವೆಂದು ಮತ್ತೆ ಹೊಡೆಯಬೇಡಿ. ಎಲ್ಲ ಬೆಳೆಗೂ ಇದು ಒಗ್ಗುವುದಿಲ್ಲ, ಲೇಬಲ್ಲಿನಲ್ಲಿ ನಿಮ್ಮ ಬೆಳೆಯ ಹೆಸರು ಇದೆಯೇ, ಮುಂದಿನ ಬೆಳೆಗೆ ತೊಂದರೆ ಇದೆಯೇ ಎಂದು ನೋಡಿ.

ಗ್ಲೈಫೋಸೇಟ್ ಕೂಡ ಗಡ್ಡೆಗೆ ಇಳಿಯುತ್ತದೆ, ಆದರೆ ಬೆಳೆ ಕಳೆ ಎಂದು ನೋಡದೆ ಹಸಿರೆಲ್ಲ ಸಾಯಿಸುತ್ತದೆ. ಕೇಂದ್ರ ಕೃಷಿ ಸಚಿವಾಲಯ 2022ರ ಅಕ್ಟೋಬರ್‌ನಲ್ಲಿ ಹೊರಡಿಸಿದ ಅಧಿಸೂಚನೆ ಇದನ್ನು ಕೀಟ ನಿಯಂತ್ರಣದ ಪರವಾನಗಿ ಇರುವವರ ಮೂಲಕವೇ ಬಳಸಬೇಕು ಎಂದಿದೆ. ಹಾಗಾಗಿ ಮೊದಲು ನಿಮ್ಮ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ. ಕೆಸರು ನೀರಿನಲ್ಲಿ ಬೆರೆಸಿದರೆ ಈ ಔಷಧಿ ಮಣ್ಣಿನ ಕಣಕ್ಕೆ ಅಂಟಿ ಕೆಲಸ ಮಾಡುವುದಿಲ್ಲ. ಹೊಡೆದ ಮೇಲೆ ಎರಡು ವಾರ ಉಳುಮೆ ಬೇಡ, ಎಲೆಯಿಂದ ಗಡ್ಡೆಗೆ ಇಳಿಯಲು ಸಮಯ ಬೇಕು. ಮಲಗಿರುವ ಗಡ್ಡೆಗೆ ಯಾವ ಔಷಧಿಯೂ ತಲುಪುವುದಿಲ್ಲ ಎನ್ನುವುದು ನೆನಪಿರಲಿ. ಅದಕ್ಕೇ ಮೊದಲು ಎಬ್ಬಿಸಿ, ಆಮೇಲೆ ಹೊಡೆಯಬೇಕು.

ಭತ್ತದ ಗದ್ದೆಯ ಜೇಕು ಬೇರೆ

ಕೆಸರು ಗದ್ದೆಯಲ್ಲಿ ಕಾಣುವ ಜೇಕನ್ನು ಕಿತ್ತು ಬುಡ ನೋಡಿ. ಗಡ್ಡೆ ಇಲ್ಲದೆ ಬರೀ ಬೇರಿನ ಗೊಂಚಲು ಇದ್ದರೆ ಅದು ಸೈಪರಸ್ ಐರಿಯಾ ಅಥವಾ ಸೈಪರಸ್ ಡಿಫಾರ್ಮಿಸ್ ಆಗಿರುವ ಸಾಧ್ಯತೆ ಹೆಚ್ಚು. ಇವು ಒಂದೇ ಹಂಗಾಮಿನ ಗಿಡಗಳು. ಇವುಗಳ ಬಲ ಬೀಜ. ಒಂದೊಂದು ಗಿಡ ಸಾವಿರಾರು ಸಣ್ಣ ಬೀಜ ಉದುರಿಸುತ್ತದೆ. ಇಲ್ಲಿ ಲೆಕ್ಕ ತಿರುಗುಮುರುಗು: ಹೂ ಬಿಡುವ ಮುಂಚೆ ಕಿತ್ತರೆ ಕೆಲಸ ಮುಗಿಯಿತು. ನಾಟಿಯ ಮೊದಲ ವಾರಗಳಲ್ಲಿ ತೆಳುವಾಗಿ ನೀರು ನಿಲ್ಲಿಸಿದರೆ ಮೊಳೆಯುವುದು ಕಡಿಮೆ. ಸಾಲು ನಾಟಿ ಇದ್ದರೆ ಸಾಲಿನ ನಡುವೆ ಕೈಯಿಂದ ತಳ್ಳುವ ಕಳೆ ಯಂತ್ರ ಕೋನೋ ವೀಡರ್ ಸಾಕು. ಗಡ್ಡೆ ಜೇಕಿಗೆ ನಿಂತ ನೀರು ಆಗಿಬರುವುದಿಲ್ಲವಾದ್ದರಿಂದ, ನೀರಿನ ಅನುಕೂಲ ಇದ್ದವರು ತರಕಾರಿ ತಾಕಿಗೆ ಒಂದು ಹಂಗಾಮು ಕೆಸರು ಭತ್ತ ಹಾಕಿ ಜೇಕನ್ನು ತಗ್ಗಿಸಬಹುದು.

ಕೆರೆ ಅಂಗಳದ, ಹಳ್ಳದ ದಂಡೆಯ ಜೇಕು ಬಳಗವನ್ನು ಸುಮ್ನೆ ಬಿಡಿ. ಅಲ್ಲಿ ಅವು ಮಣ್ಣು ಹಿಡಿಯುತ್ತವೆ, ನೀರು ಹಕ್ಕಿಗಳಿಗೆ ಮರೆಯಾಗುತ್ತವೆ.

ಕುಂಡ ಮತ್ತು ತಾರಸಿ ತೋಟ

ಇದು ಸುಲಭ. ಕುಂಡ ಪೂರ್ತಿ ಸುರಿಯಿರಿ, ಮಣ್ಣು ಒಣಗಿಸಿ ಜರಡಿ ಹಿಡಿಯಿರಿ, ಗಿಡದ ಬೇರಿನ ಉಂಡೆಯನ್ನು ನೀರಲ್ಲಿ ಅದ್ದಿ ತೊಳೆದು ಅದರೊಳಗೆ ಸೇರಿದ ಗಡ್ಡೆ ಬಿಡಿಸಿ, ಮತ್ತೆ ನೆಡಿ. ಲಾನ್‌ನಲ್ಲಿ ಮಾತ್ರ ಕಷ್ಟ. ಕತ್ತರಿಸಿದಷ್ಟೂ ಬರುತ್ತದೆ. ಒಂದೆರಡು ಕಡೆ ಇದ್ದಾಗಲೇ ಸುತ್ತ ಒಂದಡಿ ಅಗಲ, ಒಂದಡಿ ಆಳ ಹೆಂಟೆಯನ್ನೇ ಎತ್ತಿ ಹಾಕಿ ಹೊಸ ಮಣ್ಣು ತುಂಬಿ.

ಕಿತ್ತ ಗಡ್ಡೆ ಎಲ್ಲಿ ಹಾಕುವುದು

ತಿಪ್ಪೆಗೆ ಬೇಡ, ಬದುವಿಗೆ ಬೇಡ, ಕಾಲುವೆಗೆ ಬೇಡವೇ ಬೇಡ. ಬಂಡೆಯ ಮೇಲೆ ಅಥವಾ ಸಿಮೆಂಟ್ ಕಣದಲ್ಲಿ ತೆಳುವಾಗಿ ಹರಡಿ. ಮಳೆಗಾಲವಾದರೆ ಸುಟ್ಟುಬಿಡಿ. ಹಂದಿ ಸಾಕಿದವರಿದ್ದರೆ ಕೊಡಿ, ಅವು ಇಷ್ಟಪಟ್ಟು ತಿನ್ನುತ್ತವೆ.

ಒಣಗಿದ ಗಡ್ಡೆ ಸತ್ತಿದೆಯೇ ಎಂದು ತಿಳಿಯಲು ಉಗುರಿನಿಂದ ಒತ್ತಿ, ಚಾಕುವಿನಿಂದ ಸೀಳಿ. ಒಳಗೆ ಬೆಳ್ಳಗೆ ಗಟ್ಟಿಯಾಗಿದ್ದರೆ ಜೀವ ಇದೆ. ಪುಡಿಯಾದರೆ, ಕಂದು ಬಣ್ಣಕ್ಕೆ ತಿರುಗಿದ್ದರೆ ಸತ್ತಿದೆ. ಅನುಮಾನ ಉಳಿದರೆ ಇಪ್ಪತ್ತು ಗಡ್ಡೆಯನ್ನು ಒದ್ದೆ ಗೋಣಿಯಲ್ಲಿ ಸುತ್ತಿ ಎರಡು ವಾರ ಇಡಿ, ಎಷ್ಟು ಮೊಳೆಯುತ್ತವೆ ಎಣಿಸಿ. ಹೊಲದ ಗಡ್ಡೆಗೂ ಇದೇ ಪರೀಕ್ಷೆ ಮಾಡಬಹುದು: ಪ್ರತಿ ವರ್ಷ ಮೇ ತಿಂಗಳಲ್ಲಿ ಅದೇ ಮೂರು ನಾಲ್ಕು ಜಾಗದಲ್ಲಿ ಒಂದಡಿ ಚೌಕದ ಗುಂಡಿ ಅಗೆದು ಜೀವ ಇರುವ ಗಡ್ಡೆ ಎಣಿಸಿ, ಪುಸ್ತಕದಲ್ಲಿ ಬರೆದಿಡಿ. ಸಂಖ್ಯೆ ಇಳಿಯುತ್ತಿದ್ದರೆ ಮಾಡುತ್ತಿರುವುದನ್ನೇ ಮುಂದುವರಿಸಿ. ಇಳಿಯದಿದ್ದರೆ ಎರಡು ಕುಂಟೆಯ ನಡುವೆ ಎಷ್ಟು ದಿನ ಬಿಟ್ಟಿರಿ ಎಂದು ಮೊದಲು ನೋಡಿ. ಬಹುತೇಕ ಸಲ ತಪ್ಪಿರುವುದು ಅಲ್ಲೇ.